ನಿಮ್ಮ ಹೊಲದಲ್ಲಿ ಮರಳೆಷ್ಟು, ಜೇಡಿಯೆಷ್ಟು?

ರಾತ್ರಿ ಹದವಾದ ಮಳೆಯಾದರೆ ಮಸಾರಿ ಹೊಲದವರು ಮರುದಿನವೇ ಎಡೆಕುಂಟೆ ಹೂಡುತ್ತಾರೆ. ಅದೇ ಮಳೆ ಬಿದ್ದ ಎರೆ ಹೊಲದವರು ನಾಲ್ಕೈದು ದಿನ ಬದುವಿನ ಮೇಲೆ ನಿಂತು ಕಾಯಬೇಕು. ಒಳಗೆ ಕಾಲಿಟ್ಟರೆ ಚಪ್ಪಲಿಗೆ ಸೇರು ಮಣ್ಣು ಅಂಟುತ್ತದೆ. ಆಮೇಲೆ ಹದಿನೈದು ದಿನ ಮಳೆ ಕೈಕೊಟ್ಟರೆ ಲೆಕ್ಕ ತಿರುಗುಮುರುಗಾಗುತ್ತದೆ. ಮಸಾರಿಯ ಮೆಕ್ಕೆಜೋಳ ಎಲೆ ಸುರುಳಿ ಸುತ್ತಿಕೊಂಡು ನಿಲ್ಲುತ್ತದೆ, ಎರೆಯದು ಇನ್ನೂ ಹಸಿರಾಗಿರುತ್ತದೆ. ಬೀಜ, ಗೊಬ್ಬರ, ಮಳೆ ಎಲ್ಲ ಒಂದೇ ಆದರೂ ಈ ವ್ಯತ್ಯಾಸ ಬರುವುದು ಮಣ್ಣಿನ ಕಣಗಳ ಗಾತ್ರದಿಂದ. ಮರಳು, ರೇವೆ, ಜೇಡಿ ಎಂಬ ಮೂರು ಬಗೆಯ ಕಣಗಳು ಯಾವ ಪ್ರಮಾಣದಲ್ಲಿ ಬೆರೆತಿವೆ ಎಂಬುದನ್ನೇ ಮಣ್ಣಿನ ಕಣವಿನ್ಯಾಸ ಎನ್ನುವುದು.

2015ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆಯ ಮಣ್ಣು ಆರೋಗ್ಯ ಚೀಟಿ ಈಗ ಬಹಳಷ್ಟು ರೈತರ ಮನೆಯಲ್ಲಿದೆ. ಅದರಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಕಣವಿನ್ಯಾಸ ಮಾತ್ರ ಇಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಕೊರತೆ. ಸಾರಜನಕದ ಅಂಕಿ ಒಂದು ಬೆಳೆ ತೆಗೆಯುವುದರೊಳಗೆ ಹಳತಾಗುತ್ತದೆ. ಕಣವಿನ್ಯಾಸ ಹಾಗಲ್ಲ; ಯೂರಿಯಾ ಸುರಿದರೂ ಸಗಣಿ ಗೊಬ್ಬರ ಹಾಕಿದರೂ ಜೇಡಿಯ ಪ್ರಮಾಣ ಬದಲಾಗದು. ಒಮ್ಮೆ ಸರಿಯಾಗಿ ಅಳೆದು ನಕ್ಷೆ ಮಾಡಿಟ್ಟರೆ ಅಪ್ಪನ ಕಾಲದ ನಕ್ಷೆ ಮಗನಿಗೂ ಬರುತ್ತದೆ.

ಮೂರು ಕಣಗಳು

ಅಮೆರಿಕದ ಕೃಷಿ ಇಲಾಖೆಯ ವರ್ಗೀಕರಣವನ್ನೇ ನಮ್ಮಲ್ಲಿಯೂ ಹೆಚ್ಚಾಗಿ ಬಳಸುತ್ತಾರೆ. ಅದರ ಪ್ರಕಾರ 2 ಮಿಲಿಮೀಟರಿನಿಂದ 0.05 ಮಿ.ಮೀ.ವರೆಗಿನ ಕಣ ಮರಳು, 0.05ರಿಂದ 0.002 ಮಿ.ಮೀ.ವರೆಗಿನದು ರೇವೆ, ಅದಕ್ಕೂ ಸಣ್ಣದು ಜೇಡಿ. ಜೇಡಿಯ ಒಂದು ಕಣವನ್ನು ಎಳ್ಳಿನ ಕಾಳಿನಷ್ಟು ದೊಡ್ಡದು ಮಾಡಿದರೆ, ಅದೇ ಲೆಕ್ಕದಲ್ಲಿ ದಪ್ಪ ಮರಳಿನ ಕಣ ಆಳೆತ್ತರ ಮೀರುತ್ತದೆ. ಕಣ ಸಣ್ಣದಾದಷ್ಟೂ ಒಂದು ಹಿಡಿ ಮಣ್ಣಿನೊಳಗಿನ ಒಟ್ಟು ಮೇಲ್ಮೈ ಹೆಚ್ಚು. ನೀರು, ಪೋಷಕಾಂಶ ಎರಡೂ ಹಿಡಿದುಕೊಳ್ಳುವುದು ಆ ಮೇಲ್ಮೈಗೇ. ಮೂರರ ಶೇಕಡಾವಾರು ಪ್ರಮಾಣವನ್ನು ತ್ರಿಕೋನಾಕಾರದ ಕೋಷ್ಟಕದಲ್ಲಿಟ್ಟು ನೋಡಿದರೆ ಮಣ್ಣು 12 ವರ್ಗಗಳಲ್ಲಿ ಒಂದಕ್ಕೆ ಸೇರುತ್ತದೆ: ಮರಳು, ಮರಳುಗೋಡು, ಗೋಡು, ಜೇಡಿಗೋಡು, ಜೇಡಿ ಇತ್ಯಾದಿ.

ಆದರೆ ಜೇಡಿ ಎಂದ ಮಾತ್ರಕ್ಕೆ ಎಲ್ಲ ಜೇಡಿಯೂ ಒಂದೇ ಅಲ್ಲ. ಕೆಂಪು ಮಣ್ಣಿನ ಜೇಡಿಯಲ್ಲಿ ಕೆಯೋಲಿನೈಟ್ ಖನಿಜ ಹೆಚ್ಚು. ಅದು ನೀರು ಕುಡಿದರೂ ಅಷ್ಟಾಗಿ ಉಬ್ಬುವುದಿಲ್ಲ. ಎರೆಮಣ್ಣಿನ ಜೇಡಿ ಸ್ಮೆಕ್ಟೈಟ್ ಗುಂಪಿನದು. ಹಸಿಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಬೇಸಿಗೆಯಲ್ಲಿ ಕೈ ಇಳಿಬಿಡುವಷ್ಟು ಬಿರುಕು ಬಿಡುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಎರಡು ಹೊಲಕ್ಕೂ ‘ಜೇಡಿ 40%’ ಎಂದೇ ಬಂದಿರಬಹುದು, ರಂಟೆ ಹೂಡಿದರೆ ಎರಡೂ ಬೇರೆ ಬೇರೆ. ಹಾಗಾಗಿ ಕಣವಿನ್ಯಾಸದ ನಕ್ಷೆಯನ್ನು ಮಣ್ಣಿನ ಬಣ್ಣ ಮತ್ತು ಆಳದ ಜೊತೆಗಿಟ್ಟು ಓದಬೇಕು.

ನಾಲ್ಕು ತಾಲ್ಲೂಕು, ಹತ್ತಾರು ಮಣ್ಣು

ದಾವಣಗೆರೆ ಜಿಲ್ಲೆಯ ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಜಗಳೂರು ಚಿತ್ರದುರ್ಗದಿಂದ ಬಂತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ನ್ಯಾಮತಿ ತಾಲ್ಲೂಕು ಈಚೆಗೆ ಹೊನ್ನಾಳಿಯಿಂದ ಬೇರೆಯಾದದ್ದು. ಹಳೆಯ ಜಿಲ್ಲೆಗಳ ಗುರುತು ಕೃಷಿ ವಲಯದಲ್ಲಿ ಇಂದಿಗೂ ಉಳಿದಿದೆ: ಜಗಳೂರು ಮಧ್ಯ ಒಣವಲಯಕ್ಕೆ ಸೇರಿದರೆ ಉಳಿದ ಮೂರರ ನೆಲ ದಕ್ಷಿಣ ಸಂಕ್ರಮಣ ವಲಯದ್ದು. ಮೊದಲನೆಯದರ ವಾರ್ಷಿಕ ಮಳೆ ಸುಮಾರು 455ರಿಂದ 717 ಮಿ.ಮೀ., ಎರಡನೆಯದರದು ಸುಮಾರು 612ರಿಂದ 1,054 ಮಿ.ಮೀ.

ಈ ಭಾಗದ ತಳದಲ್ಲಿರುವುದು ಎರಡು ಬಗೆಯ ಶಿಲೆ. ಒಂದು ಬೆಣಚು ತುಂಬಿದ ಗ್ರಾನೈಟ್ ಜಾತಿಯ ನೈಸ್, ಇನ್ನೊಂದು ಧಾರವಾಡ ಶಿಲಾವರ್ಗದ ಶಿಸ್ಟ್. ನೈಸ್ ಸವೆದಲ್ಲಿ ಬೆಣಚು ಮರಳಾಗಿ ಉಳಿಯುತ್ತದೆ. ಮಣ್ಣು ಕೆಂಪು, ಹಗುರ. ಶಿಸ್ಟ್ ಸವೆದಲ್ಲಿ ಸಾಮಾನ್ಯವಾಗಿ ಜೇಡಿ ಹೆಚ್ಚು. ಇದರ ಮೇಲೆ ಇಳಿಜಾರಿನ ಆಟ ಬೇರೆ. ದಿಬ್ಬದ ತಲೆಯಲ್ಲಿ ಗರಸು, ಮಧ್ಯದ ಓರೆಯಲ್ಲಿ ಮಸಾರಿ, ತಗ್ಗಿನಲ್ಲಿ ಮೇಲಿನಿಂದ ಕೊಚ್ಚಿ ಬಂದ ನಯವಾದ ಮಣ್ಣು. ಒಂದೇ ಸರ್ವೆ ನಂಬರಿನ ನಾಲ್ಕು ಎಕರೆಯಲ್ಲಿ ಈ ಮೂರೂ ಸಿಗುವುದು ಜಗಳೂರು ಕಡೆ ಅಪರೂಪವೇನಲ್ಲ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯುದ್ದಕ್ಕೂ ಮೆಕ್ಕಲು ಬಂದು ಕೂತಿದೆ. ಭದ್ರಾ ನಾಲೆಯ ನೀರು ಕಂಡ ತಗ್ಗಿನ ಗದ್ದೆಗಳಲ್ಲಿ ಜೇಡಿ ಹೆಚ್ಚಿದ್ದು ಬಸಿಗಾಲುವೆ ಕೆಟ್ಟರೆ ಜವುಳು ಹಿಡಿಯುವುದೂ ಉಂಟು. ಹೀಗಿರುವಾಗ ‘ಚನ್ನಗಿರಿಯದು ಕೆಂಪು ಮಣ್ಣು’ ಎಂದು ತಾಲ್ಲೂಕಿಗೊಂದು ಮಣ್ಣು ಹೇಳಿ ಮುಗಿಸುವುದರಿಂದ ಕೂರಿಗೆ ಹಿಡಿದವನಿಗೆ ಏನೂ ಸಿಗದು.

ಅಳೆಯುವುದು ಹೇಗೆ?

ಮಾದರಿ ಮಣ್ಣನ್ನು ನೆರಳಲ್ಲಿ ಒಣಗಿಸಿ, ಹೆಂಟೆಯನ್ನು ಮರದ ಕೊಡತಿಯಿಂದ ಮೆಲ್ಲಗೆ ಒಡೆದು, 2 ಮಿ.ಮೀ. ಜರಡಿಯಲ್ಲಿ ಹಿಡಿಯುತ್ತಾರೆ. ಕಲ್ಲಿನಿಂದ ಕುಟ್ಟಿದರೆ ಗರಸೇ ಪುಡಿಯಾಗಿ ಸುಳ್ಳು ಮರಳಾಗುತ್ತದೆ. ಜರಡಿ ಇಳಿದ ಮಣ್ಣಿನಲ್ಲಿ 50 ಗ್ರಾಂ ತೂಗಿ (ತೀರಾ ಮರಳಾದರೆ 100 ಗ್ರಾಂ), ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕುತ್ತಾರೆ. ಒಂದಕ್ಕೊಂದು ಕಚ್ಚಿಕೊಂಡ ಜೇಡಿ ಕಣಗಳನ್ನು ಬಿಡಿಸುವುದು ಇದರ ಕೆಲಸ. ಸಾವಯವ ಅಂಶ ಹೆಚ್ಚಿದ್ದರೆ ಅದಕ್ಕೂ ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಸುಡುತ್ತಾರೆ. ಬೆಳಗ್ಗೆ ಯಂತ್ರದಲ್ಲಿ ಕಲಕಿ, ಒಂದು ಲೀಟರಿನ ಎತ್ತರದ ಗಾಜಿನ ಕೊಳವೆಗೆ ಸುರಿದು, ನೀರು ತುಂಬಿ, ಮೇಲೆ ಕೆಳಗೆ ಚೆನ್ನಾಗಿ ಅಲ್ಲಾಡಿಸಿ ನಿಲ್ಲಿಸುತ್ತಾರೆ.

ಮುಂದಿನದು ಗಡಿಯಾರದ ಕೆಲಸ. ದಪ್ಪ ಕಣ ಬೇಗ ಮುಳುಗುತ್ತದೆ, ಸಣ್ಣದು ನಿಧಾನಕ್ಕೆ. 1851ರಲ್ಲಿ ವಿಜ್ಞಾನಿ ಸ್ಟೋಕ್ಸ್ ಬರೆದ ಸೂತ್ರ ಆ ವೇಗ ಹೇಳುತ್ತದೆ. 20 ಡಿಗ್ರಿ ಉಷ್ಣಾಂಶದ ನೀರಿನಲ್ಲಿ ಅತಿ ಸಣ್ಣ ಮರಳು ಹತ್ತು ಸೆಂಟಿಮೀಟರ್ ಇಳಿಯಲು ಮುಕ್ಕಾಲು ನಿಮಿಷ ಸಾಕು, 0.002 ಮಿ.ಮೀ. ಕಣಕ್ಕೆ ಸುಮಾರು ಎಂಟು ಗಂಟೆ ಬೇಕು. ಆದ್ದರಿಂದ 40 ಸೆಕೆಂಡಿಗೆ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ತೇಲುಮಾಪಕ) ಇಳಿಬಿಟ್ಟು ನೋಡಿದರೆ ಮರಳು ತಳ ಸೇರಿರುತ್ತದೆ, ರೇವೆ ಮತ್ತು ಜೇಡಿ ಮಾತ್ರ ತೇಲುತ್ತಿರುತ್ತವೆ. ಎರಡು ಗಂಟೆಯ ನಂತರ ಮತ್ತೊಮ್ಮೆ ನೋಡಿದರೆ ಬಹುಪಾಲು ಜೇಡಿಯೇ ಉಳಿದಿರುತ್ತದೆ. ಮೊದಲ ಅಳತೆ ಲೀಟರಿಗೆ 20 ಗ್ರಾಂ, ಎರಡನೆಯದು 13 ಗ್ರಾಂ ಬಂತು ಎನ್ನಿ. 50 ಗ್ರಾಂನಲ್ಲಿ 30 ಗ್ರಾಂ ಮರಳು, ಅಂದರೆ 60%. ಜೇಡಿ 26%, ಉಳಿದ 14% ರೇವೆ. ತ್ರಿಕೋನದಲ್ಲಿ ಇದು ಮರಳು ಮಿಶ್ರಿತ ಜೇಡಿಗೋಡು.

ನೀರು ಬಿಸಿಯಾದಷ್ಟೂ ತೆಳುವಾಗುತ್ತದೆ, ಕಣ ಬೇಗ ಇಳಿಯುತ್ತದೆ. 20 ಡಿಗ್ರಿಯಲ್ಲಿ ಎಂಟು ಗಂಟೆ ಹಿಡಿದ ಇಳಿತ 30 ಡಿಗ್ರಿಯಲ್ಲಿ ಆರೂವರೆ ಗಂಟೆಯೊಳಗೆ ಮುಗಿಯುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯ ಸೆಕೆಯಲ್ಲಿ ಉಷ್ಣಾಂಶದ ತಿದ್ದುಪಡಿ ಬಿಟ್ಟರೆ ಜೇಡಿ ಕಡಿಮೆ ಕಾಣುತ್ತದೆ. ಎರಡು ಗಂಟೆಯ ಅಳತೆಯಲ್ಲಿ ಸಣ್ಣ ರೇವೆಯೂ ಸ್ವಲ್ಪ ತೇಲುತ್ತಿರುವುದರಿಂದ ಜೇಡಿ ತುಸು ಹೆಚ್ಚು ಬರುತ್ತದೆ ಎಂಬ ಆಕ್ಷೇಪವೂ ಹಳೆಯದೇ. ಹೆಚ್ಚು ನಿಖರತೆ ಬೇಕಾದವರು ಪಿಪೆಟ್ ವಿಧಾನ ಹಿಡಿಯುತ್ತಾರೆ.

ಇಷ್ಟೆಲ್ಲ ಇಲ್ಲದೆ ಕೈಯಲ್ಲೂ ನೋಡಬಹುದು. ಸಮೀಕ್ಷೆಗೆ ಬರುವ ಮಣ್ಣು ವಿಜ್ಞಾನಿಗಳೂ ಹೊಲದಲ್ಲಿ ಮೊದಲು ಮಾಡುವುದು ಇದನ್ನೇ. ಗರಸು ಆಯ್ದು ಬಿಸಾಡಿ, ಒಂದು ಹಿಡಿ ಮಣ್ಣಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಉಂಡೆ ನಿಲ್ಲದೆ ಉದುರಿದರೆ ಮರಳು. ಉಂಡೆ ನಿಂತರೆ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತ ಪಟ್ಟಿಯಾಗಿ ಮುಂದೆ ತಳ್ಳಿ. ಪಟ್ಟಿ 2.5 ಸೆಂ.ಮೀ. ಆಗುವ ಮೊದಲೇ ಮುರಿದರೆ ಗೋಡಿನ ಜಾತಿ, 2.5ರಿಂದ 5 ಸೆಂ.ಮೀ. ಬಂದರೆ ಜೇಡಿಗೋಡು; 5 ಸೆಂ.ಮೀ. ದಾಟಿದರೆ ಜೇಡಿ. ಆಮೇಲೆ ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ನೀರಾಗಿ ಕಲಸಿ ಉಜ್ಜಿ ನೋಡಿ. ಗರಗರ ಎಂದರೆ ಮರಳಿನ ಅಂಶ ಜೋರಾಗಿದೆ, ನುಣ್ಣಗೆ ಜಾರಿದರೆ ರೇವೆ. ಬಾಟಲಿಯಲ್ಲಿ ಮಣ್ಣು ನೀರು ಅಲ್ಲಾಡಿಸಿಟ್ಟು ಪದರ ಅಳೆಯುವ ಉಪಾಯವೂ ಇದೆ. ಆದರೆ ಜೇಡಿಯ ಪದರ ಸಡಿಲವಾಗಿ ಕೂರುವುದರಿಂದ ಅಳತೆ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ನನಗೆ ಬಾಟಲಿಗಿಂತ ಬೆರಳಿನ ಮೇಲೆ ನಂಬಿಕೆ ಜಾಸ್ತಿ.

ಗುಂಡಿಯಿಂದ ನಕ್ಷೆಗೆ

ಒಂದು ಗುಂಡಿಯ ಮಣ್ಣು ಗೊತ್ತಾದ ಮೇಲೆ ಪಕ್ಕದ ಹೊಲದ್ದನ್ನು ಹೇಳುವುದು ಹೇಗೆ ಎಂಬುದೇ ನಕ್ಷೆಯ ಪ್ರಶ್ನೆ. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆ 1998ರಲ್ಲಿ ಕರ್ನಾಟಕದ ಮಣ್ಣಿನ ನಕ್ಷೆ ಪ್ರಕಟಿಸಿತು. ಅದಕ್ಕಾಗಿ ಸಮೀಕ್ಷೆ ನಡೆದ ಅಳತೆ 1:2,50,000; ಅಂದರೆ ಆ ಅಳತೆಯ ನಕ್ಷೆಯ ಒಂದು ಚದರ ಸೆಂಟಿಮೀಟರ್ ನೆಲದಲ್ಲಿ 625 ಹೆಕ್ಟೇರ್, ಸುಮಾರು 1,540 ಎಕರೆ. ಒಂದು ಊರೇ ಅಷ್ಟರಲ್ಲಿ ಅಡಗಿಹೋಗಬಹುದು.

ವಿಶ್ವಬ್ಯಾಂಕ್ ನೆರವಿನ ಸುಜಲ-3 ಯೋಜನೆಯಲ್ಲಿ ಈ ಚಿತ್ರ ಬದಲಾಯಿತು. ದಾವಣಗೆರೆಯೂ ಸೇರಿದಂತೆ ರಾಜ್ಯದ ಮಳೆಯಾಶ್ರಿತ ಜಿಲ್ಲೆಗಳ ಆಯ್ದ ಕಿರು ಜಲಾನಯನಗಳಲ್ಲಿ 1:7,920 ಅಳತೆಯ ಗ್ರಾಮನಕ್ಷೆಯ ಮೇಲೆ ಭೂಸಂಪನ್ಮೂಲ ಸಮೀಕ್ಷೆ ನಡೆಯಿತು. ಕೃಷಿ ವಿಶ್ವವಿದ್ಯಾಲಯಗಳೂ ಕೈಜೋಡಿಸಿದವು. ಇಲ್ಲಿ ಒಂದು ಚದರ ಸೆಂಟಿಮೀಟರ್ ಎಂದರೆ ಒಂದೂವರೆ ಎಕರೆ. ಹಳೆಯ ಸಮೀಕ್ಷೆಗಿಂತ ಸುಮಾರು ಸಾವಿರ ಪಟ್ಟು ಸೂಕ್ಷ್ಮ, ಸರ್ವೆ ನಂಬರಿನ ಗೆರೆಯೂ ಕಾಣುತ್ತದೆ.

ಕೆಲಸ ನಡೆಯುವ ಬಗೆ ಹೀಗೆ. ಗ್ರಾಮನಕ್ಷೆಯ ಮೇಲೆ ಉಪಗ್ರಹ ಚಿತ್ರ ಕೂರಿಸಿ ದಿಬ್ಬ, ಓರೆ, ತಗ್ಗು ಎಂದು ಗೆರೆ ಎಳೆಯುತ್ತಾರೆ. ದಿಬ್ಬದಿಂದ ಹಳ್ಳದ ಕಡೆಗೆ ಇಳಿಜಾರಿನ ಉದ್ದಕ್ಕೂ ಅಲ್ಲಲ್ಲಿ ಎರಡು ಮೀಟರ್ ಆಳದ ಗುಂಡಿ ತೆಗೆಯುತ್ತಾರೆ, ಬಂಡೆ ಮೊದಲೇ ಸಿಕ್ಕರೆ ಅಲ್ಲಿಗೇ ನಿಲ್ಲಿಸುತ್ತಾರೆ. ಗುಂಡಿಯ ಗೋಡೆಯಲ್ಲಿ ಪದರ ಪದರವಾಗಿ ಬಣ್ಣ, ಕಣವಿನ್ಯಾಸ, ಗರಸು, ಸುಣ್ಣದ ಹರಳು ಬರೆದುಕೊಂಡು, ಒಂದೇ ಲಕ್ಷಣದವನ್ನು ಒಂದು ‘ಮಣ್ಣಿನ ಸರಣಿ’ಗೆ ಸೇರಿಸಿ ಹೆಸರಿಡುತ್ತಾರೆ. ನಕ್ಷೆಯಲ್ಲಿ ಸರಣಿಯ ಹೆಸರಿನ ಮುಂದೆ ‘ಎಚ್ ಬಿ 2 ಜಿ 1’ ಎಂಬಂಥ ಸಂಕೇತ ಇರುತ್ತದೆ. ಮೊದಲ ಅಕ್ಷರವೇ ಮೇಲ್ಮಣ್ಣಿನ ಕಣವಿನ್ಯಾಸ: ‘ಸಿ’ ಎಂದರೆ ಮರಳುಗೋಡು, ‘ಎಚ್’ ಮರಳು ಮಿಶ್ರಿತ ಜೇಡಿಗೋಡು, ‘ಐ’ ಮರಳುಜೇಡಿ, ‘ಎಂ’ ಜೇಡಿ. ‘ಬಿ’ ಎಂದರೆ ಇಳಿಜಾರು 1ರಿಂದ 3%, ‘2’ ಎಂದರೆ ಮಧ್ಯಮ ಕೊಚ್ಚಣೆ, ‘ಜಿ 1’ ಎಂದರೆ ಗರಸು 15ರಿಂದ 35%. ಇಷ್ಟು ಗೊತ್ತಿದ್ದರೆ ಯಾರ ನೆರವೂ ಇಲ್ಲದೆ ನಿಮ್ಮ ಹೊಲದ ಸಂಕೇತ ಓದಿಕೊಳ್ಳಬಹುದು.

ಎಲ್ಲ ಊರಿಗೂ ಗುಂಡಿ ತೋಡಲು ಜನವೂ ಸಾಲದು, ಹಣವೂ ಸಾಲದು. ಅದಕ್ಕೆ ಈಗ ಡಿಜಿಟಲ್ ನಕ್ಷೆ ಬಂದಿದೆ. ಅಳೆದ ಜಾಗಗಳ ಅಂಕಿಗಳಿಂದ ನಡುವಿನ ಜಾಗದ್ದನ್ನು ಲೆಕ್ಕ ಹಾಕುವ ‘ಕ್ರಿಗಿಂಗ್’ ವಿಧಾನ ಹುಟ್ಟಿದ್ದು ಮಣ್ಣು ಶಾಸ್ತ್ರದಲ್ಲಲ್ಲ, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ. ಡ್ಯಾನಿ ಕ್ರಿಗ್ ಎಂಬ ಗಣಿ ಎಂಜಿನಿಯರ್ 1950ರ ದಶಕದ ಆರಂಭದಲ್ಲಿ ಅದಿರಿನ ಅಂದಾಜಿಗೆ ಮಾಡಿದ ಕೆಲಸ ಅದರ ಮೂಲ. ಈಗೀಗ ಕಂಪ್ಯೂಟರಿಗೆ ಇನ್ನಷ್ಟು ಸುಳಿವು ಕೊಡುತ್ತಾರೆ: ನೆಲದ ಎತ್ತರ, ಇಳಿಜಾರು, ಬೆಳೆಯ ಹಸಿರು, ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ. ಕೆಂಪು ಬೆಳಕು ಕಬ್ಬಿಣದಂಶದ ಸುಳಿವು ಕೊಟ್ಟರೆ, ಕಣ್ಣಿಗೆ ಕಾಣದ 2.2 ಮೈಕ್ರಾನ್ ಆಸುಪಾಸಿನ ಅವಗೆಂಪು ಕಿರಣಗಳನ್ನು ಜೇಡಿ ಖನಿಜಗಳು ಹೀರಿಕೊಳ್ಳುತ್ತವೆ. ಮರಳು, ರೇವೆ, ಜೇಡಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿದರೆ ಕೂಡಿಸಿದಾಗ 94 ಅಥವಾ 107 ಬರುವ ತಮಾಷೆಯೂ ಆಗುತ್ತದೆ. ಅದಕ್ಕಾಗಿ ಮೂರನ್ನೂ ಒಂದಕ್ಕೊಂದರ ಅನುಪಾತವಾಗಿ ಬದಲಿಸಿಕೊಂಡು ಲೆಕ್ಕ ಮುಗಿಸಿ, ಕೊನೆಗೆ ಶೇಕಡಾಕ್ಕೆ ತರುತ್ತಾರೆ.

ನಕ್ಷೆ ಎಡವುವ ಜಾಗಗಳು

ಉಪಗ್ರಹಕ್ಕೆ ಮಣ್ಣು ಕಾಣುವುದು ನೆಲ ಬೋಳಾಗಿದ್ದಾಗ ಮಾತ್ರ. ಜಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಅಂಥ ನೆಲ ಬೇಕಾದಷ್ಟು ಸಿಗುತ್ತದೆ. ಚನ್ನಗಿರಿಯ ಅಡಿಕೆ ತೋಟದ ಮೇಲಿನಿಂದ ನೋಡಿದರೆ ವರ್ಷವಿಡೀ ಗರಿಯೇ ಕಾಣುವುದು. ಗದ್ದೆಯನ್ನು ತೋಟ ಮಾಡುವಾಗ ಹೊರಗಿನಿಂದ ಕೆಮ್ಮಣ್ಣು, ಗೋಡು ಹೊಡೆಸುವ ಪದ್ಧತಿ ಬೇರೆ ಇದೆ. ಅಲ್ಲಿ ಮೇಲಿನ ಅಡಿ ಮಣ್ಣು ಆ ಜಾಗದ್ದೇ ಅಲ್ಲ. ಇಂಥ ತೋಟಗಳಿಗೆ ಗುಂಡಿ ತೆಗೆದು ನೋಡುವುದೇ ದಾರಿ. ಅಂತರ್ಜಾಲದಲ್ಲಿ ಸಿಗುವ ಜಾಗತಿಕ ಮಣ್ಣಿನ ನಕ್ಷೆಯ ಒಂದು ಚೌಕ 250 ಮೀಟರ್, ಅಂದರೆ 15 ಎಕರೆಗೂ ಮೇಲೆ. ಅದರ ಬಣ್ಣ ನೋಡಿ ನಿಮ್ಮ ಎರಡು ಎಕರೆಗೆ ಹನಿ ನೀರಾವರಿ ವಿನ್ಯಾಸ ಮಾಡುವವರಿದ್ದರೆ ಒಪ್ಪಬೇಡಿ.

ಎಲ್ಲಕ್ಕಿಂತ ದೊಡ್ಡ ಮೋಸ ಗರಸಿನದು. ಜರಡಿಯಲ್ಲಿ ಉಳಿದದ್ದನ್ನು ಪ್ರಯೋಗಾಲಯ ಪಕ್ಕಕ್ಕಿಡುತ್ತದೆ, ಕಣವಿನ್ಯಾಸದ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಗರಸು ಪ್ರಮಾಣದಲ್ಲಿ 40% ಇರುವ ಮರಳುಗೋಡಿನ ಹೊಲ ತೆಗೆದುಕೊಳ್ಳಿ. ಬರಿ ಮಣ್ಣಾಗಿದ್ದರೆ ಮೀಟರ್ ಆಳಕ್ಕೆ ಸುಮಾರು 100 ಮಿ.ಮೀ. ನೀರನ್ನು ಬೆಳೆಗಾಗಿ ಹಿಡಿದಿಡಬಲ್ಲದು. ಬೇರು 60 ಸೆಂ.ಮೀ. ಇಳಿದಿದ್ದರೆ 60 ಮಿ.ಮೀ., ಗರಸಿನ ಪಾಲು ಕಳೆದರೆ 36. ಅರ್ಧ ಖರ್ಚಾಗುವಷ್ಟರಲ್ಲಿ ಬೆಳೆ ಬಾಡತೊಡಗುತ್ತದೆ ಎಂದರೆ ಕೈಗೆ ಸಿಗುವುದು 18 ಮಿ.ಮೀ. ದಿನಕ್ಕೆ 5 ಮಿ.ಮೀ. ಖರ್ಚಾದರೆ ಮೂರೂವರೆ ದಿನ. ಗರಸಿಲ್ಲದ ಜೇಡಿ ನೆಲ ಮೀಟರಿಗೆ 200 ಮಿ.ಮೀ. ಹಿಡಿದರೆ ಇದೇ ಲೆಕ್ಕದಲ್ಲಿ 12 ದಿನ ತಡೆಯುತ್ತದೆ. ಆದ್ದರಿಂದ ವರದಿ ಪಡೆಯುವಾಗ ಗರಸಿನ ಶೇಕಡಾವನ್ನೂ ಬರೆಸಿಕೊಳ್ಳಿ.

ಹೊಲಕ್ಕೆ ಇಳಿಸಿದಾಗ

ಹನಿ ನೀರಾವರಿ ಮಾಡಿದ ಈರುಳ್ಳಿಗೆ ಹಗುರ ಮಣ್ಣಿನಲ್ಲಿ ಕಡಿಮೆ ಹೊತ್ತು, ಮೇಲಿಂದ ಮೇಲೆ ನೀರು ಬಿಡಬೇಕು. ಯೂರಿಯಾವನ್ನೂ ಅಲ್ಲಿ ಮೂರು ನಾಲ್ಕು ಕಂತು ಮಾಡಬೇಕು; ಒಂದೇ ಸಲ ಸುರಿದರೆ ಬೇರಿನ ಕೆಳಗೆ ಇಳಿದುಹೋಗುತ್ತದೆ. ಮೆಕ್ಕೆಜೋಳದ ಕಳೆನಾಶಕದ ಪ್ರಮಾಣವೂ ಹಗುರ ಮಣ್ಣಿಗೆ ಕಡಿಮೆ, ಭಾರಿ ಮಣ್ಣಿಗೆ ಹೆಚ್ಚು. ಮರಳಿನಲ್ಲಿ ನೀರು ಗಂಟೆಗೆ 30 ಮಿ.ಮೀ.ಗಿಂತ ಹೆಚ್ಚು ಇಂಗಿದರೆ ಜೇಡಿಯಲ್ಲಿ 1ರಿಂದ 5 ಮಿ.ಮೀ. ಅಷ್ಟೇ. ಕೃಷಿ ಹೊಂಡಕ್ಕೆ ಪಾಲಿಥೀನ್ ಹಾಸು ಬೇಕೇ ಬೇಡವೇ ಎಂಬುದಕ್ಕೆ ಉತ್ತರ ಇಲ್ಲೇ ಇದೆ: ಮಸಾರಿಗೆ ಬೇಕು, ಆಳವಾದ ಎರೆಗೆ ಅಷ್ಟಾಗಿ ಬೇಡ.

ಕೆರೆ ಹೂಳಿನ ವಿಷಯದಲ್ಲಿ ನಕ್ಷೆಯ ಬೆಲೆ ರೂಪಾಯಿಯಲ್ಲೇ ಗೊತ್ತಾಗುತ್ತದೆ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 900 ಟನ್. ಜೇಡಿ 12% ಇರುವ ಹೊಲವನ್ನು 15%ಗೆ ಏರಿಸಲು 45% ಜೇಡಿಯಿರುವ ಹೂಳು ಸುಮಾರು 90 ಟನ್ ಬೇಕು. ಟ್ರೇಲರಿಗೆ ನಾಲ್ಕು ಟನ್ ಎಂದರೆ ಇಪ್ಪತ್ತಮೂರು ಲೋಡು. ಎರಡು ಮೂರು ಲೋಡು ಚೆಲ್ಲಿ ಭೂಮಿ ಬದಲಾಯಿತು ಎಂದುಕೊಳ್ಳುವುದು ಭ್ರಮೆ. ಎರೆ ಹೊಲಕ್ಕೆ ಹೂಳು ಹೊಡೆಸುವುದಂತೂ ಡೀಸೆಲ್ ದಂಡ. ಇಡೀ ಹೊಲಕ್ಕೆ ಹರಡುವ ಬದಲು ನಕ್ಷೆಯಲ್ಲಿ ಮರಳು ಹೆಚ್ಚಿರುವ ಅರ್ಧ ಎಕರೆ ಗುರುತಿಸಿ ಅಲ್ಲಿಗಷ್ಟೇ ಹಾಕಿದರೆ ಅದೇ ಖರ್ಚಿನಲ್ಲಿ ಫಲ ಕಾಣುತ್ತದೆ.

ನಿಮ್ಮ ಊರು ಸುಜಲ ಜಲಾನಯನಕ್ಕೆ ಸೇರಿದ್ದರೆ ಸರ್ವೆ ನಂಬರ್‌ವಾರು ಮಾಹಿತಿ ಈಗಾಗಲೇ ಸಿದ್ಧವಿರಬಹುದು. ರೈತ ಸಂಪರ್ಕ ಕೇಂದ್ರದಲ್ಲಿ ಸರ್ವೆ ನಂಬರ್ ಹೇಳಿ ವಿಚಾರಿಸಿ. ಸೇರಿಲ್ಲದಿದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ಚನ್ನಗಿರಿ ಕಡೆಯವರು ಕತ್ತಲಗೆರೆಯ ಸಂಶೋಧನಾ ಕೇಂದ್ರದಲ್ಲಿ ಕೇಳಬಹುದು. ಮಾದರಿ ತೆಗೆಯುವಾಗ ಬದು, ಮರದ ಬುಡ, ತಿಪ್ಪೆ, ಕಾಲುವೆ ಅಂಚು ಬಿಡಿ. ಇಡೀ ಹೊಲದ ಮಣ್ಣು ಒಟ್ಟಿಗೆ ಕಲಸಬೇಡಿ. ಬಣ್ಣ ಬದಲಾದಲ್ಲೆಲ್ಲ ಬೇರೆ ಚೀಲ ಮಾಡಿ, ಒಂದೊಂದರಲ್ಲೂ ಮೇಲಿನ ಅರ್ಧ ಅಡಿಯದು ಬೇರೆ, ಒಂದರಿಂದ ಎರಡು ಅಡಿ ಆಳದ್ದು ಬೇರೆ ಇಡಿ. ಚೀಟಿಯ ಮೇಲೆ ಸರ್ವೆ ನಂಬರ್, ಆಳ ಬರೆದು, ‘ಕಣವಿನ್ಯಾಸ ಮತ್ತು ಗರಸಿನ ಶೇಕಡಾ ಬೇಕು’ ಎಂದು ಸ್ಪಷ್ಟವಾಗಿ ನಮೂದಿಸಿ, ಮುಂಗಾರು ಬಿತ್ತನೆಯ ನೂಕುನುಗ್ಗಲಿಗೆ ಮುಂಚೆ ಕೊಡಿ. ಕೇಳದಿದ್ದರೆ ಗೊಬ್ಬರದ ಶಿಫಾರಸು ಮಾತ್ರ ಬರುತ್ತದೆ.